ಅಮ್ಮ ಎದ್ದ ಮನೆಯ ಹಿರಿಯ ಹೆಂಗಸರಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಅಜ್ಜಿಯರೇ, ಅಮ್ಮಂದಿರೇ, ಅತ್ತೆಯಂದಿರೇ,

ಈ ಪತ್ರವನ್ನು ಆರೋಗ್ಯ ಇಲಾಖೆಗೆ ಬರೆಯಬಹುದಿತ್ತು, ಪಂಚಾಯ್ತಿಗೆ ಬರೆಯಬಹುದಿತ್ತು. ನಿಮಗೇ ಬರೆಯುವುದಕ್ಕೆ ಕಾರಣವಿದೆ. ಜ್ವರ ಬಂದರೆ ನಮ್ಮ ಕಡೆಯವರು ಡಾಕ್ಟರಲ್ಲಿಗೆ ಹೋಗುತ್ತಾರೆ, ಕೈಕಾಲು ಉಳುಕಿದರೂ ಹೋಗುತ್ತಾರೆ. ಮೈಮೇಲೆ ನೀರುಗುಳ್ಳೆ ಕಂಡರೆ ಮಾತ್ರ ಮೊದಲು ನಿಮ್ಮ ಮುಖ ನೋಡುತ್ತಾರೆ. "ಅಮ್ಮ ಎದ್ದಿತ್, ಮದ್ದ್ ಮಾಡುಕಾಗ" ಎಂದು ನೀವು ಹೇಳಿದಿರೋ, ಅಲ್ಲಿಗೆ ಮುಗಿಯಿತು. ಮನೆಯ ಗಂಡಸರಾಗಲಿ, ಇಂಜಿನಿಯರಿಂಗ್ ಓದಿದ ಮೊಮ್ಮಗನಾಗಲಿ ಎದುರಾಡುವುದಿಲ್ಲ. ಅಮ್ಮ ಎಂದು ನೀವು ಕರೆಯುವ ಈ ಸೀತಾಳೆಯ (ಚಿಕನ್‌ಪಾಕ್ಸ್) ವಿಷಯದಲ್ಲಿ ಮನೆಯ ಡಾಕ್ಟರು ನೀವು. ಹಾಗಾಗಿ ಹೇಳುವುದನ್ನು ನಿಮಗೇ ಹೇಳಬೇಕು.

ನಿಮ್ಮ ಪದ್ಧತಿಯನ್ನು ಹಳಿಯುವುದಕ್ಕೆ ಬರೆಯುತ್ತಿಲ್ಲ. ಅದರಲ್ಲಿ ಸರಿಯಾದದ್ದು ಬಹಳ ಇದೆ. ಕಾಯಿಲೆಯವರಿಗೆ ಬೇರೆ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ ಲೋಟ ಕೊಡುತ್ತೀರಿ. ಬಾಗಿಲಿಗೆ ಕಹಿಬೇವಿನ ಸೊಪ್ಪು ಸಿಕ್ಕಿಸಿ, ಬಂದ ನೆಂಟರನ್ನು ಜಗಲಿಯಿಂದಲೇ ಕಳಿಸುತ್ತೀರಿ. ಮದುವೆ, ಮುಂಜಿ, ಜಾತ್ರೆ ಎಲ್ಲವೂ ಬಂದ್. ಆರೈಕೆಗೆ ನಿಲ್ಲುವವರು ಹಿಂದೆ ಒಮ್ಮೆ ಸೀತಾಳೆ ಆಗಿ ಗುಣವಾದವರೇ ಆಗಿರಬೇಕು. ಇಂದಿನ ವೈದ್ಯರು ಹೇಳುವ ಪ್ರತ್ಯೇಕವಾಸ ಇದೇ. ಈ ಕಾಯಿಲೆಯ ವೈರಸ್ ಗಾಳಿಯಲ್ಲೂ ಹರಡುತ್ತದೆ, ಗುಳ್ಳೆಯ ನೀರಿನಿಂದಲೂ ಹರಡುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ, ಹಿಂದೆ ಆಗದಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅಂಟುವಷ್ಟು ಜೋರು ಅದರದ್ದು. ಇದನ್ನೆಲ್ಲ ಪುಸ್ತಕ ಓದದೆ ನಿಮ್ಮ ಹಿರಿಯರು ಕಂಡುಕೊಂಡಿದ್ದರು.

"ಮದ್ದು ಮಾಡಬಾರದು" ಎಂಬ ಮಾತೂ ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಅದು ಹುಟ್ಟಿದ್ದು ಸೀತಾಳೆಗಾಗಿ ಅಲ್ಲ, ದೊಡ್ಡ ಸಿಡುಬಿಗಾಗಿ. ದೊಡ್ಡ ಸಿಡುಬು ಬಂದ ಹತ್ತು ಜನರಲ್ಲಿ ಮೂವರು ಉಳಿಯುತ್ತಿರಲಿಲ್ಲ. ಉಳಿದವರಲ್ಲಿ ಹಲವರ ಮುಖದ ತುಂಬ ಕುಳಿ ಬೀಳುತ್ತಿತ್ತು, ಕೆಲವರ ಕಣ್ಣೇ ಹೋಗುತ್ತಿತ್ತು. ಅದಕ್ಕೆ ಯಾರ ಹತ್ತಿರವೂ ಮದ್ದಿರಲಿಲ್ಲ. ಇಲ್ಲದ ಮದ್ದಿನ ಹೆಸರಿನಲ್ಲಿ ಏನೇನೋ ಅರೆದು ಹಚ್ಚಿ, ಕುಡಿಸಿ, ಜೀವಕ್ಕೆ ಇನ್ನಷ್ಟು ಕುತ್ತು ತರುವುದಕ್ಕಿಂತ ದೇವರ ಮೇಲೆ ಭಾರ ಹಾಕಿ ಸುಮ್ಮನೆ ಮಲಗಿಸುವುದೇ ಮೇಲಾಗಿತ್ತು.

ಆ ಸಿಡುಬು ಈಗ ಇಲ್ಲ. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿನಿಂದಲೇ ಅದು ತೊಲಗಿತೆಂದು ಸಾರಿತು. ನಿಮ್ಮಲ್ಲಿ ವಯಸ್ಸಾದವರ ರಟ್ಟೆಯ ಮೇಲೆ ಇನ್ನೂ ಕಾಣುವ ದುಂಡನೆಯ ಕಲೆ ಅದನ್ನು ಓಡಿಸಿದ ಲಸಿಕೆಯದ್ದು. "ನನಗೆ ಚಿಕ್ಕಂದಿನಲ್ಲೇ ದಾಕು ಹಾಕಿದ್ದಾರೆ, ಸೀತಾಳೆ ಬರುವುದಿಲ್ಲ" ಎಂದು ಕೆಲವರು ಆ ಕಲೆ ತೋರಿಸುವುದುಂಟು. ಆ ಲಸಿಕೆಗೂ ಸೀತಾಳೆಗೂ ಸಂಬಂಧವಿಲ್ಲ. ದೊಡ್ಡ ಸಿಡುಬು, ಸೀತಾಳೆ ಎರಡೂ ಬೇರೆ ಬೇರೆ ವೈರಸ್‌ಗಳ ಕಾಯಿಲೆ. ಅವೆರಡೂ ಒಂದೇ ಅಲ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲೇ ರೋಗಲಕ್ಷಣ ನೋಡಿ ಗುರುತಿಸಿದ್ದ. ದೊಡ್ಡ ಸಿಡುಬು ಮುಖ, ಕೈಕಾಲುಗಳಲ್ಲಿ ಹೆಚ್ಚು ಏಳುತ್ತಿತ್ತು, ಗುಳ್ಳೆಗಳೆಲ್ಲ ಒಟ್ಟಿಗೇ ಹಣ್ಣಾಗುತ್ತಿದ್ದವು. ಸೀತಾಳೆ ಸಾಮಾನ್ಯವಾಗಿ ಎದೆ, ಬೆನ್ನು, ಹೊಟ್ಟೆ, ಮುಖಗಳಲ್ಲಿ ಶುರುವಾಗಿ ಕೈಕಾಲಿಗೆ ಹಬ್ಬುತ್ತದೆ. ಒಂದೇ ಹೊತ್ತಿಗೆ ಒಂದು ಕಡೆ ಕೆಂಪು ಬೊಕ್ಕೆ, ಪಕ್ಕದಲ್ಲಿ ನೀರುಗುಳ್ಳೆ, ಇನ್ನೊಂದು ಕಡೆ ಒಣಗಿದ ಹಕ್ಕಳೆ ಕಾಣುತ್ತದೆ. ಸಿಡುಬು ಹೋದರೂ ಅದಕ್ಕಾಗಿ ಮಾಡಿದ ಕಟ್ಟುಪಾಡು ಉಳಿದು ಸೀತಾಳೆಯ ಹೆಗಲೇರಿದೆ.

ಸೀತಾಳೆ ಮೈ ಸೇರಿದ 10ರಿಂದ 21 ದಿನಗಳವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಮೈಕೈ ನೋವು, ಜ್ವರ, ಅದರ ಹಿಂದೆಯೇ ಗುಳ್ಳೆ. ಮೂರು ನಾಲ್ಕು ದಿನ ಹೊಸ ಗುಳ್ಳೆಗಳು ಅಲೆ ಅಲೆಯಾಗಿ ಏಳುತ್ತವೆ. ಒಬ್ಬರ ಮೈಮೇಲೆ ಸಾಮಾನ್ಯವಾಗಿ 250ರಿಂದ 500. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಕಾಯಿಲೆ ಹರಡಲು ಶುರುವಾಗುತ್ತದೆ. ಪ್ರತಿಯೊಂದು ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ನಿಲ್ಲುವುದಿಲ್ಲ. ಅದಕ್ಕೆ ಸುಮಾರು ಒಂದು ವಾರ ಬೇಕು. ಬೇರೆ ತೊಂದರೆಯಿಲ್ಲದ ಐದಾರು ವರ್ಷದ ಮಗುವಿಗೆ ಬಂದರೆ ಹೆಚ್ಚಿನಂಶ ಇಷ್ಟೇ: ತುರಿಕೆ, ಅಳು, ಶಾಲೆಗೆ ರಜೆ. ನಿಮ್ಮ ಅನುಭವದಲ್ಲಿ "ಹೆದ್ರುಕೆ ಎಂತದ್ದೂ ಇಲ್ಲ" ಎಂಬುದು ಇಂಥ ಮಕ್ಕಳನ್ನು ನೋಡಿ ಬಂದ ಮಾತು.

ನನ್ನ ಆತಂಕ ದೊಡ್ಡವರದ್ದು.

ಲಸಿಕೆ ಬರುವ ಮೊದಲು ಅಮೆರಿಕದಂಥ ಚಳಿ ದೇಶಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಈ ಕಾಯಿಲೆ ಬಾಲ್ಯದಲ್ಲೇ ಆಗಿಹೋಗುತ್ತಿತ್ತು. ನಮ್ಮಂಥ ಸೆಕೆಯ ನಾಡುಗಳಲ್ಲಿ ಹಾಗಲ್ಲ. ಬಾಲ್ಯದಲ್ಲಿ ತಪ್ಪಿಸಿಕೊಂಡು ಹದಿನೆಂಟಕ್ಕೋ ಇಪ್ಪತ್ತೈದಕ್ಕೋ ಸಿಕ್ಕಿಬೀಳುವವರು ಇಲ್ಲಿ ಹೆಚ್ಚು. ಬಿಸಿಲು, ಸೆಕೆಗೆ ವೈರಸ್ ಬೇಗ ಸಾಯುವುದು ಒಂದು ಕಾರಣವೆನ್ನುತ್ತಾರೆ, ಹಳ್ಳಿಗಾಡಿನ ಚದುರಿದ ವಾಸ ಇನ್ನೊಂದು. ನಮ್ಮ ಕಡೆಯ ಮನೆಗಳನ್ನೇ ನೋಡಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗದ್ದೆಬೈಲು, ಹಾಡಿ. ಹೀಗೆ ಬೆಳೆದ ಹುಡುಗ ಪಿಯುಸಿ ಮುಗಿಸಿ ಬೆಂಗಳೂರಿನ ಹೋಟೆಲಿಗೆ ಸೇರುತ್ತಾನೆ. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನರ ಜೊತೆ ಮಲಗುತ್ತಾನೆ. ಅಲ್ಲಿಯವರೆಗೆ ಅವನನ್ನು ಮುಟ್ಟದ ಕಾಯಿಲೆ ಅಲ್ಲಿ ಸಿಗುತ್ತದೆ.

ದೊಡ್ಡವರಲ್ಲಿ ಸೀತಾಳೆಯ ಬಗೆಯೇ ಬೇರೆ. ಜ್ವರ ಹೆಚ್ಚು, ಗುಳ್ಳೆ ಹೆಚ್ಚು. ಕೆಲವರಿಗೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಆ ಅಪಾಯ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಲಸಿಕೆ ಬರುವುದಕ್ಕೆ ಮುಂಚಿನ ಲೆಕ್ಕ ನೋಡಿದರೆ, ವರದಿಯಾದ ರೋಗಿಗಳಲ್ಲಿ ದೊಡ್ಡವರು ನೂರಕ್ಕೆ 5 ಮಂದಿ ಮಾತ್ರ. ಸತ್ತವರಲ್ಲಿ ಮಾತ್ರ ಅವರು ನೂರಕ್ಕೆ ಸುಮಾರು 35. ಮಕ್ಕಳನ್ನು ನೋಡಿ ಕಲಿತ ಧೈರ್ಯವನ್ನು ದೊಡ್ಡವರ ಮೇಲೆ ಪ್ರಯೋಗಿಸಬೇಡಿ ಎನ್ನುವುದು ಇದಕ್ಕೆ.

ಈಗ ಮದ್ದಿದೆ ಎನ್ನುವುದನ್ನೂ ನಿಮಗೆ ತಿಳಿಸಬೇಕು. ಏಸಿಕ್ಲೋವಿರ್ ಎಂಬ ಮಾತ್ರೆ. 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಎಂಬ ಹೆಂಗಸು ಇದ್ದ ಪ್ರಯೋಗಾಲಯದಿಂದ ಬಂದದ್ದು. ವೈರಸ್ ಮೈಯೊಳಗೆ ತನ್ನಂಥದ್ದನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುವುದನ್ನು ಇದು ತಡೆಯುತ್ತದೆ. ಒಂದೇ ಷರತ್ತು, ಬೇಗ ಶುರುಮಾಡಬೇಕು. ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ ತೆಗೆದುಕೊಂಡರೆ ಗುಣ ಚೆನ್ನಾಗಿ ಕಾಣುತ್ತದೆ, ದಿನ ಕಳೆದಂತೆ ಅದರ ಬಲ ಇಳಿಯುತ್ತದೆ. ಎಲ್ಲ ಪುಟ್ಟ ಮಕ್ಕಳಿಗೂ ಅದು ಬೇಕಾಗುವುದಿಲ್ಲ. ಹದಿಮೂರು ದಾಟಿದವರಿಗೆ, ದೊಡ್ಡವರಿಗೆ, ಬೇರೆ ಕಾಯಿಲೆ ಇರುವವರಿಗೆ ಬೇಕೇ, ಎಷ್ಟು ಬೇಕು ಎಂಬುದನ್ನು ಡಾಕ್ಟರು ಹೇಳಬೇಕು. "ಮೂರು ದಿನ ನೋಡುವ, ಅಮ್ಮ ಪೂರ್ತಿ ಹೊರಗೆ ಬರಲಿ" ಎಂದು ನೀವು ಕಾಯುವ ಆ ಮೂರು ದಿನವೇ ಮದ್ದಿಗೆ ಬೆಲೆ ಇರುವ ಹೊತ್ತು.

ಇನ್ನು ಊರಿಗೆ ಹೊರಡುವ ಮಾತು. ಹುಡುಗನಿಗೆ ಮೈತುಂಬ ಎದ್ದರೆ "ಮನೆಗೆ ಬಾ ಮಗ, ನಾನ್ ಕಾಣ್ತೆ" ಎನ್ನುವುದು ತಾಯಿಯ ಕರುಳು. ಅವನು ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುತ್ತಾನೆ, ಇಲ್ಲವೇ ರಾತ್ರಿಯ ಸ್ಲೀಪರ್ ಬಸ್ಸು. ಮುಂಬಯಿಯಲ್ಲಿದ್ದರೆ ಮತ್ಸ್ಯಗಂಧ. ರಾತ್ರಿಯಿಡೀ ಮುಚ್ಚಿದ ಡಬ್ಬಿಯಲ್ಲಿ ಅವನ ಉಸಿರು ಎಷ್ಟು ಜನಕ್ಕೆ ತಲುಪುತ್ತದೆಂದು ಯೋಚಿಸಿ. ಅದರಲ್ಲಿ ಒಬ್ಬಳು ಬಸುರಿ ಇರಬಹುದು, ಕಿಮೋಥೆರಪಿ ಮುಗಿಸಿ ಊರಿಗೆ ಮರಳುವವರು ಇರಬಹುದು. ಮದ್ದು ಶುರುಮಾಡಬೇಕಾದ ದಿನವೂ ದಾರಿಯಲ್ಲೇ ಕಳೆದುಹೋಗುತ್ತದೆ. ಫೋನು ಬಂದ ಕೂಡಲೇ ಹೇಳಿ: ಮೊದಲು ಅಲ್ಲೇ ಡಾಕ್ಟರನ್ನು ಕಾಣು, ಹಕ್ಕಳೆ ಕಟ್ಟಿದ ಮೇಲೆ ಬಾ. ಬೆಂಗಳೂರಿನ ಎಷ್ಟೋ ಹೋಟೆಲುಗಳ ಯಜಮಾನರು ನಮ್ಮ ಊರಿನವರೇ. ಒಂದು ವಾರ ಹುಡುಗನಿಗೆ ಬೇರೆ ಕೋಣೆ, ಗಂಜಿ ಕೊಡಿ ಎಂದು ನೀವೇ ಫೋನು ಮಾಡಿ ಕೇಳಿದರೆ ಇಲ್ಲ ಎನ್ನುವವರು ಕಡಿಮೆ.

ಅವನು ಬಂದು ಇಳಿಯುವ ಮನೆಯಲ್ಲಿ ಯಾರಿರುತ್ತಾರೆ ಎಂಬುದು ಇನ್ನೂ ಮುಖ್ಯ. ಬಯಕೆ ಊಟ ಮುಗಿಸಿ ಹೆರಿಗೆಗೆಂದು ತವರಿಗೆ ಬಂದ ಮಗಳು ಅಲ್ಲೇ ಇರುತ್ತಾಳೆ. ಅಣ್ಣನಿಗೆ ಸೀತಾಳೆ, ತಂಗಿಗೆ ತುಂಬು ದಿನ, ಇಬ್ಬರೂ ಒಂದೇ ಮಾಡಿನಡಿ. ನಮ್ಮ ಪದ್ಧತಿಯಲ್ಲಿ ಬಹಳ ಸಹಜವಾದ ಈ ಹೊಂದಿಕೆ ಈ ಕಾಯಿಲೆಯ ಮಟ್ಟಿಗೆ ಅತ್ಯಂತ ಅಪಾಯದ್ದು. ಹಿಂದೆ ಸೀತಾಳೆ ಆಗದ, ಲಸಿಕೆಯನ್ನೂ ಹಾಕಿಸಿಕೊಳ್ಳದ ಬಸುರಿಗೆ ಅದು ಬಂದರೆ ನ್ಯುಮೋನಿಯಾ ತೀವ್ರವಾಗಬಹುದು. ಮೊದಲ ಐದು ತಿಂಗಳೊಳಗೆ ಬಂದರೆ ನೂರಕ್ಕೆ ಒಂದೆರಡು ಶಿಶುಗಳಿಗೆ ಕೈಕಾಲು, ಕಣ್ಣು, ಮಿದುಳಿನ ಊನ ಬರುವ ಸಾಧ್ಯತೆಯಿದೆ. ಹೆರಿಗೆಗೆ ಐದು ದಿನ ಮೊದಲಿನಿಂದ ಹೆರಿಗೆಯಾದ ಎರಡು ದಿನದೊಳಗೆ ತಾಯಿಗೆ ಗುಳ್ಳೆ ಎದ್ದರೆ ಹಸುಗೂಸಿನ ಜೀವಕ್ಕೇ ಅಪಾಯ. ತಾಯಿಯ ಮೈಯಲ್ಲಿ ರೋಗವನ್ನು ಎದುರಿಸುವ ಶಕ್ತಿ ಹುಟ್ಟಿ, ಅದು ಕರುಳಬಳ್ಳಿಯ ಮೂಲಕ ಮಗುವಿಗೆ ದಾಟುವ ಮೊದಲೇ ಮಗು ಹೊರಗೆ ಬಂದಿರುತ್ತದೆ.

ಹಾಗಾಗಿ ಮನೆಯಲ್ಲಿ ಬಸುರಿ ಇದ್ದಾಗ ಸೀತಾಳೆಯವರು ಬಂದರೆ, ಅವಳಿಗೆ ಗುಳ್ಳೆ ಏಳುವುದನ್ನು ಕಾಯಬೇಡಿ. ಆ ದಿನವೇ ಅವಳನ್ನು ನೋಡುವ ಡಾಕ್ಟರಿಗೆ ತಿಳಿಸಿ. ಅವಳ ರಕ್ತದಲ್ಲಿ ಹಳೆಯ ರಕ್ಷಣೆ ಇದೆಯೇ ಎಂದು ಪರೀಕ್ಷೆಯಿಂದ ತಿಳಿಯಬಹುದು. ಇಲ್ಲದಿದ್ದರೆ, ಬೇಗ ಹೋದವರಿಗೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೊಡುವ ದಾರಿಯಿದೆ. ಕುಂದಾಪುರದ ತಾಲೂಕು ಆಸ್ಪತ್ರೆಯಲ್ಲೋ ಬೈಂದೂರು, ಕೋಟ, ಬ್ರಹ್ಮಾವರಗಳ ಸಮುದಾಯ ಆರೋಗ್ಯ ಕೇಂದ್ರಗಳಲ್ಲೋ ಮೊದಲು ಕೇಳಿ. ಹೆಚ್ಚಿನದ್ದು ಬೇಕಾದರೆ ಮಣಿಪಾಲ ದೂರವಿಲ್ಲ. ಆಸ್ಪತ್ರೆಗೆ ಹೋದರೆ ಬಾಗಿಲಲ್ಲೇ "ಸೀತಾಳೆ ಇದೆ" ಎಂದು ಹೇಳಿಬಿಡಿ. ಎಲ್ಲರೂ ಕುಳಿತ ಬೆಂಚಿನಲ್ಲಿ ಕಾಯುವುದು ಬೇಡ.

ಈ ಕಾಯಿಲೆ ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ. ನಮ್ಮಲ್ಲಿ ಜನ ಒಟ್ಟು ಸೇರುವುದೂ ಆಗಲೇ. ಕೋಲ, ಕೆಂಡಸೇವೆ, ತೇರು, ಮದುವೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಎಲ್ಲ ಆ ತಿಂಗಳುಗಳಲ್ಲೇ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಯಕ್ಷಗಾನ ಮೇಳಗಳು ಊರೂರು ತಿರುಗುವುದೂ ಆಗಲೇ. ರಾತ್ರಿ ಒಂದೇ ಚೌಕಿಯಲ್ಲಿ ಬಣ್ಣ ಹಚ್ಚಿ, ಹಗಲು ಒಂದೇ ಬಿಡಾರದಲ್ಲಿ ಮಲಗುವ ಕಲಾವಿದರಲ್ಲಿ ಒಬ್ಬರಿಗೆ ಬಂದರೆ ಎರಡು ಮೂರು ವಾರದಲ್ಲಿ ಮತ್ತೊಬ್ಬರಿಗೆ ಬರುತ್ತದೆ. ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಬೇರೆ ಕೋಣೆಯ ಮಾತೇ ಇಲ್ಲ. ಉಸಿರು ಕಟ್ಟಿದರೆ ದಡ ಸೇರುವುದೇ ಎಷ್ಟೋ ಹೊತ್ತು. ಗಂಡನೋ ಮಗನೋ ಮೇಳದಲ್ಲೋ ಬೋಟಿನಲ್ಲೋ ಇದ್ದು, ಮನೆಯಲ್ಲಿ ಯಾರಿಗಾದರೂ ಎದ್ದಿದ್ದರೆ, ಅವರಿಗೆ ಹಿಂದೆ ಆಗಿದೆಯೇ ಇಲ್ಲವೇ ಎಂದು ನೋಡಿಯೇ ಕಳಿಸಿ. ಹರಕೆ ಹೇಳಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಾಣಿಕೆ ತೆಗೆದಿಡಿ, ಗುಣವಾದ ಮೇಲೆ ಹೋಗಿ ಒಪ್ಪಿಸಿ. ಹಕ್ಕಳೆ ಕಟ್ಟದವರನ್ನು ತೀರ್ಥಕ್ಕೆಂದು ದೇವಸ್ಥಾನದ ಸರತಿ ಸಾಲಿನಲ್ಲಿ ನಿಲ್ಲಿಸಬೇಡಿ.

ಮನೆಯ ಆರೈಕೆಯಲ್ಲಿ ಕೆಲವನ್ನು ಬದಲಿಸಿದರೆ ಸಾಕು. ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡಬೇಡಿ, ಹೊರಗಿನ ಕಿಟಕಿ ತೆರೆದಿಡಿ, ಗಾಳಿ ಆಡಲಿ. ಏಳನೆಯ ದಿನದವರೆಗೆ ಮೀಯಿಸಬಾರದು ಎಂಬುದನ್ನು ಬಿಡಿ. ಸೆಕೆಗೆ ಬೆವರಿ, ತುರಿಸಿ, ಗುಳ್ಳೆ ಒಡೆದು ಅದರೊಳಗೆ ಬೇರೆ ಕ್ರಿಮಿ ಸೇರಿ ಕೀವಾಗುವುದೇ ಮಕ್ಕಳಲ್ಲಿ ಹೆಚ್ಚು ಕಾಣುವ ತೊಂದರೆ. ಉಗುರು ಬೆಚ್ಚಗಿನ ನೀರಿನಲ್ಲಿ ಉಜ್ಜದೆ ಮೀಯಿಸಿ, ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಉಗುರು ಕತ್ತರಿಸಿ. ಬೇವಿನ ಸೊಪ್ಪಿನಿಂದ ಸವರಿದರೆ ತುರಿಕೆಗೆ ಹಾಯೆನಿಸುತ್ತದೆ, ಸವರಿ. ಅದರಿಂದ ವೈರಸ್ ಸಾಯುತ್ತದೆ ಎಂದು ಮಾತ್ರ ನಂಬಬೇಡಿ. ಒಡೆದ ಗುಳ್ಳೆಗೆ ಬೂದಿ, ಸೆಗಣಿ, ಎಣ್ಣೆ ಬೇಡ. ಕ್ಯಾಲಮೈನ್ ಲೋಷನ್ ಸಾಕು. ಬಾಯೊಳಗೂ ಹುಣ್ಣಾಗಿರುವುದರಿಂದ ನಿಮ್ಮ ಸಪ್ಪೆ ಪಥ್ಯ ಒಳ್ಳೆಯದೇ. ಕುಚ್ಚಲಕ್ಕಿ ಗಂಜಿ, ಮಜ್ಜಿಗೆ, ಎಳನೀರು ಧಾರಾಳವಾಗಿ ಕೊಡಿ. ಪಥ್ಯದ ಹೆಸರಲ್ಲಿ ಉಪವಾಸ ಕೆಡವಬೇಡಿ.

ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಬಹುದು. ಆಸ್ಪಿರಿನ್ ಅನ್ನು ಮಕ್ಕಳಿಗೆ ಯಾವ ಕಾರಣಕ್ಕೂ ಕೊಡಬಾರದು; ಸೀತಾಳೆಯ ಹೊತ್ತಿಗೆ ಕೊಟ್ಟರೆ ಪಿತ್ತಜನಕಾಂಗ, ಮಿದುಳುಗಳನ್ನು ಕೆಡಿಸುವ ರೈ ಸಿಂಡ್ರೋಮ್ ಎಂಬ ಅಪರೂಪದ, ಭೀಕರ ತೊಂದರೆ ಬರಬಹುದು. ಡಾಕ್ಟರು ಹೇಳದೆ ಐಬುಪ್ರೊಫೆನ್ ಕೂಡ ಬೇಡ. ಆಸ್ತಮಾಕ್ಕೋ ಸಂಧಿನೋವಿಗೋ ಸ್ಟೀರಾಯ್ಡ್ ಮಾತ್ರೆ ತಿನ್ನುವವರು, ಕಿಡ್ನಿ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮನೆಯಲ್ಲೇ ಮಲಗುವಂತಿಲ್ಲ, ಮೊದಲ ಗುಳ್ಳೆಗೇ ಆಸ್ಪತ್ರೆ. ಉಳಿದ ಯಾರಿಗೇ ಆಗಲಿ, ಉಸಿರು ಕಟ್ಟಿದರೆ, ಕೆಮ್ಮು ಬಿಡದಿದ್ದರೆ, ಬಿಟ್ಟ ಜ್ವರ ಮತ್ತೆ ಏರಿದರೆ, ಗುಳ್ಳೆಯ ಸುತ್ತ ಕೆಂಪೇರಿ ಊದಿ ನೋಯಲು ಶುರುವಾದರೆ, ಮಾತು ತೊದಲಿದರೆ, ಮಗು ಜೋಲಿ ಹೊಡೆಯುತ್ತ ನಡೆದರೆ, ವಾಂತಿ ನಿಲ್ಲದಿದ್ದರೆ ಹೊತ್ತು ನೋಡಬೇಡಿ. ರಾತ್ರಿಯಾದರೂ ರಿಕ್ಷಾ ಕರೆಸಿ.

ಅಜ್ಜಿಯರಿಗೆ ಬೇರೆಯಾಗಿ ಒಂದು ಮಾತು. ಸೀತಾಳೆ ಗುಣವಾದ ಮೇಲೆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಳ ಬುಡದಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಕುಳಿತು, ವಯಸ್ಸಾಗಿ ಮೈ ಬಲ ಕುಗ್ಗಿದಾಗ ಒಂದು ನರದ ದಾರಿ ಹಿಡಿದು ಹೊರಬರುತ್ತದೆ. ಅದೇ ಸರ್ಪಸುತ್ತು. ಎರಡೂ ಒಂದೇ ವೈರಸ್‌ನದ್ದು ಎಂಬುದನ್ನು ಅಮೆರಿಕದ ಥಾಮಸ್ ವೆಲ್ಲರ್ 1950ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಅದು ಮೈಯೊಳಗೇ ಅಡಗಿದ್ದು ಮತ್ತೆ ಏಳುತ್ತದೆ ಎಂದು 1965ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಒಂದು ಪಟ್ಟಣದ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್, ತಮ್ಮಲ್ಲಿಗೆ ಬರುವ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ. ನರ ಮೈಯ ಒಂದು ಬದಿಗೆ ಮಾತ್ರ ಹರಡಿರುವುದರಿಂದ ಗುಳ್ಳೆಗಳ ಸಾಲೂ ಸಾಮಾನ್ಯವಾಗಿ ಒಂದೇ ಬದಿಗೆ ನಿಲ್ಲುತ್ತದೆ. ಹೆಡೆ, ಬಾಲ ಸೇರಿದರೆ ಜೀವ ಹೋಗುತ್ತದೆ ಎಂಬ ಭಯ ಬೇಡ. ಜಾಜಿ ಬರೆಸುತ್ತ ಕೂರುವುದೂ ಬೇಡ. ಮೂರು ದಿನದೊಳಗೆ ಏಸಿಕ್ಲೋವಿರ್ ಮಾತ್ರೆ ಶುರುಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ನೋವೂ ಇಳಿಯುತ್ತದೆ. ಕಣ್ಣಿನ ಸುತ್ತ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರು. ಸರ್ಪಸುತ್ತಿನ ಗುಳ್ಳೆಯ ನೀರು ತಾಗಿದರೆ ಮೊಮ್ಮಗುವಿಗೆ ಸೀತಾಳೆ ಬರಬಹುದು. ಗುಳ್ಳೆ ಒಣಗುವವರೆಗೆ ಅದನ್ನು ಬಟ್ಟೆಯಿಂದ ಮುಚ್ಚಿಕೊಳ್ಳಿ, ಕೂಸನ್ನು ಎತ್ತಿಕೊಳ್ಳಬೇಡಿ.

ಇದಕ್ಕೆಲ್ಲ ಮೊದಲೇ ತಡೆ ಹಾಕುವ ಲಸಿಕೆಯೂ ಇದೆ. ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಮಾಡಿದ್ದು. ಮಕ್ಕಳಿಗೆ ಹದಿನೈದು ತಿಂಗಳಾದ ಮೇಲೆ ಎರಡು ಡೋಸ್ ಕೊಡಬೇಕೆಂದು ಭಾರತದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ದಡಾರದ ಲಸಿಕೆ ಇದೆ, ಸೀತಾಳೆಯದ್ದು ಇಲ್ಲ. ಖಾಸಗಿಯಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು. ಗೇರುಬೀಜದ ಕಾರ್ಖಾನೆಗೆ ಹೋಗಿ ದುಡಿಯುವ ತಾಯಿಗೆ ಅದು ಸಣ್ಣ ಮೊತ್ತವಲ್ಲ. ಮನೆಯ ಎಲ್ಲರಿಗೂ ಹಾಕಿಸಿ ಎಂದು ನಾನು ಸುಲಭವಾಗಿ ಹೇಳಲಾರೆ. ಯಾರಿಗೆ ಮೊದಲು ಎಂದು ಆರಿಸುವುದಾದರೆ, ಇದುವರೆಗೆ ಸೀತಾಳೆ ಆಗದ, ಮದುವೆ ಗೊತ್ತಾದ ಮಗಳಿಗೆ. ಹಾಸ್ಟೆಲಿಗೋ ಹೋಟೆಲಿಗೋ ಹೊರಟ ಮಗನಿಗೆ. ನರ್ಸಿಂಗ್ ಓದುವ ಮೊಮ್ಮಗಳಿಗೆ. ಹದಿಮೂರು ದಾಟಿದವರಿಗೆ ನಾಲ್ಕರಿಂದ ಎಂಟು ವಾರ ಬಿಟ್ಟು ಎರಡು ಡೋಸ್. ಬಸುರಿಗೆ ಇದನ್ನು ಹಾಕುವಂತಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸಿರಾಗಬಾರದು. ಆದ್ದರಿಂದ ಮದುವೆಗೆ ಮುಂಚೆಯೇ ಮುಗಿಸುವುದು ಜಾಣತನ. ಮನೆಯಲ್ಲಿ ಒಬ್ಬರಿಗೆ ಎದ್ದ ಮೂರು ದಿನದೊಳಗೆ ಉಳಿದವರು ಹಾಕಿಸಿಕೊಂಡರೂ ಎಷ್ಟೋ ಸಲ ಕಾಯಿಲೆ ತಪ್ಪುತ್ತದೆ, ಬಂದರೂ ಹಗುರಾಗಿ ಹೋಗುತ್ತದೆ.

ಕೊನೆಗೆ ನಿಮ್ಮಿಂದ ಆಗಬೇಕಾದ ಒಂದು ಕೆಲಸ. ಸೀತಾಳೆ ಒಮ್ಮೆ ಆದವರಿಗೆ ಸಾಮಾನ್ಯವಾಗಿ ಮತ್ತೆ ಆಗುವುದಿಲ್ಲ. ಹಾಗಾಗಿ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೇ "ಹಿಂದೆ ಆಗಿತ್ತಾ?" ಎಂಬುದು. ಮಗನಿಗೆ ಗೊತ್ತಿರುವುದಿಲ್ಲ, ಸೊಸೆ ತವರಿಗೆ ಫೋನು ಮಾಡಬೇಕಾಗುತ್ತದೆ, ಆಸ್ಪತ್ರೆಯ ಯಾವ ಕಡತದಲ್ಲೂ ಅದಿಲ್ಲ. ದೊಡ್ಡ ಮಳೆ ಬಂದ ವರ್ಷ ದೊಡ್ಡವನಿಗೆ ಆಯಿತು, ಆಗ ಸಣ್ಣವಳು ಅಜ್ಜಿಮನೆಯಲ್ಲಿದ್ದಳು, ಅವಳಿಗೆ ಆಗಲಿಲ್ಲ ಎಂಬ ಲೆಕ್ಕ ಇರುವುದು ನಿಮ್ಮ ತಲೆಯಲ್ಲಿ ಮಾತ್ರ. ಬರುವ ವಾರದ ಸ್ವಸಹಾಯ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಕೂತು, ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಸೀತಾಳೆ ಆದವರು ಯಾರು, ಆಗದವರು ಯಾರು ಎಂದು ಬರೆದಿಡಿ. ಆಗದವರ ಹೆಸರಿನ ಮುಂದೆ ವಯಸ್ಸು ಬರೆಯಿರಿ. ಬಸುರಿಯಿದ್ದರೆ, ಊರು ಬಿಟ್ಟು ಹೊರಡುವವರಿದ್ದರೆ, ಬೇರೆ ದೊಡ್ಡ ಕಾಯಿಲೆಯವರಿದ್ದರೆ ಗುರುತು ಹಾಕಿ. ಆ ಹೆಸರುಗಳನ್ನು ಊರಿನ ಆಶಾ ಕಾರ್ಯಕರ್ತೆಗೆ ಒಮ್ಮೆ ತೋರಿಸಿ. ಮುಂದಿನ ಸಲ ಯಾರ ಮನೆಯಲ್ಲಾದರೂ ಅಮ್ಮ ಎದ್ದಾಗ ಆ ಪಟ್ಟಿ ನೋಡಿ, ಯಾರನ್ನು ದೂರ ಇಡಬೇಕು, ಯಾರನ್ನು ಅದೇ ದಿನ ಡಾಕ್ಟರಲ್ಲಿಗೆ ಕಳಿಸಬೇಕು ಎಂದು ನೀವೇ ಹೇಳಿ. ನೀವು ಹೇಳಿದರೆ ಎಲ್ಲರೂ ಕೇಳುತ್ತಾರೆ.

ಇತಿ,
ನಿಮ್ಮ ಊರಿನವಳೇ ಒಬ್ಬಳು